ಸೂಪರ್‌ವೈಸರ್ ಮಾಮ

ನಮ್ಮ ಸೂಪರ್‌ವೈಸರ್ ಮಾಮ ಕಸಬರಿಗೆ ಹಿಡಿದದ್ದನ್ನು ಕಂಡವರು ಹೊಸಪೇಟೆಯಲ್ಲಿ ಯಾರೂ ಇಲ್ಲ. ಕಸಬರಿಗೆಯನ್ನು ಹೇಗೆ ಹಿಡಿಯಬೇಕು ಎಂದು ಅವರಿಂದ ಹೇಳಿಸಿಕೊಳ್ಳದವರೂ ನಮ್ಮ ಓಣಿಯಲ್ಲಿ ಇಲ್ಲ. ಸಂಡೂರು ಕಡೆಯ ಗಣಿಯೊಂದರಲ್ಲಿ ಅದಿರಿನ ಲಾರಿ ತೂಗಿಸಿ ಚೀಟಿ ಬರೆಯುತ್ತಿದ್ದವರು. ಹೊರುವವರು ಬೇರೆ, ಬರೆಯುವವರು ಬೇರೆ ಎನ್ನುವ ತತ್ವವನ್ನು ಅಲ್ಲಿಂದ ನಿವೃತ್ತಿಯ ಹಾರದ ಜೊತೆಗೇ ಮನೆಗೆ ತಂದರು.

2024ರ ಮಹಾನವಮಿಗೆ ಎಂಟು ದಿನ ಇತ್ತು. ಕೌದಿಗಳನ್ನೆಲ್ಲ ಗಂಟು ಕಟ್ಟಿ ಬಸವಣ್ಣ ಕಾಲುವೆಗೆ ಒಯ್ಯುವುದು ಹೇಗೆಂಬ ಚಿಂತೆಯಲ್ಲಿ ಅತ್ತಿ ಕೂತಿದ್ದಳು. ಮಾಮ ನೋಟ್‌ಬುಕ್ ಹಿಡಿದು ಬಂದರು.

"ಮನಿ ಸ್ವಚ್ಛ ಮಾಡೋದು ಭಾರ ಅನಸೋದ್ಯಾಕ? ಒಮ್ಮೆಲೇ ಪೂರ್ತಿ ಮನಿ ನೋಡ್ತೀರಿ, ಅದಕ್ಕ. ನಾಕು ತಾಲ್ಲೂಕು ಮಾಡೀನಿ. ಪಡಸಾಲಿ ಹೊಸಪೇಟಿ, ಕಟ್ಟಿ ಸಂಡೂರು, ಅಕ್ಕಿ ಚೀಲ ಇಡೋ ಕೋಣಿ ಕಂಪ್ಲಿ, ಅಟ್ಟ ಹಂಪಿ."

"ಹಂಪಿ ತಾಲ್ಲೂಕಲ್ಲ ಮಾಮ," ಅಂದೆ.

"ನನ್ನ ಮನ್ಯಾಗ ಐತಿ."

ಹೋಲಿಕೆ ಸುಳ್ಳೇನಲ್ಲ. ಅವರ ಪಡಸಾಲೆ ಬಸ್‌ಸ್ಟ್ಯಾಂಡಿನ ಹಾಗೆಯೇ. ಬಂದವರೆಲ್ಲ ಏನಾದರೂ ಇಳಿಸಿ ಹೋಗುತ್ತಾರೆ, ಒಯ್ಯುವವರಿಲ್ಲ. ಇನ್ನು ಆ ಅಟ್ಟ! ಯುನೆಸ್ಕೊದವರು ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 1986ರಲ್ಲಿ. ಮಾಮನ ಮದುವೆಯೂ ಅದೇ ವರ್ಷ. ಆಗ ಅಟ್ಟ ಏರಿದ ಸಾಮಾನು ಇವತ್ತಿಗೂ ಕದಲಿಲ್ಲ: ತೂತು ಬಿದ್ದ ತಾಮ್ರದ ಹಂಡೆ, ಒಂದು ಕಾಲಿಲ್ಲದ ತೊಟ್ಟಿಲು, ಬೀಗ ಇದ್ದು ಕೀಲಿ ಇಲ್ಲದ ಟ್ರಂಕು. ಮುಟ್ಟಲು ಹೋದರೆ ಮಾಮ ಕೆಳಗಿನಿಂದಲೇ ಕೂಗುತ್ತಾರೆ: "ಇದ್ದಂಗ ಇರಲಿ! ಧೂಳಷ್ಟ ತಗಿ!" ಪುರಾತತ್ವ ಇಲಾಖೆಯವರಾದರೂ ಅರ್ಜಿ ಕೊಟ್ಟರೆ ಒಂದಿಷ್ಟು ಅಗೆಯಲು ಬಿಟ್ಟಾರು.

ನಿಜವಾದ ಯುದ್ಧ ಸಂಡೂರಿನದು. ಹೊಸಪೇಟೆಯ ಹಳಬರಿಗೆ ಕೆಂಪು ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಅದಿರು ಗಟ್ಟಿ ಇದ್ದಾಗ ಬೂದುಗಪ್ಪು, ಪುಡಿಯಾದರೆ ಕುಂಕುಮ. ಕಿಟಕಿಯ ಸಂದಿ, ಟಿವಿಯ ಬೆನ್ನು, ಬಿಳಿ ಬನಿಯನ್ನಿನ ಕುತ್ತಿಗೆ, ಎಲ್ಲ ಕಡೆ ಅದರದೇ ಗೆರೆ. ಇದರ ಬಗ್ಗೆ ಮಾಮ ಹೇಳುವುದು ಸರಿಯಾಗಿಯೇ ಇರುತ್ತದೆ, ಸಿಟ್ಟು ಬರುವುದೂ ಅದಕ್ಕೇ. ಒಣ ಕಸ ಹೊಡೆಯಬಾರದು. ಎದ್ದ ಧೂಳು ನೀವು ಚಹಾ ಕುಡಿದು ಬರುವಷ್ಟರಲ್ಲಿ ತನ್ನ ಜಾಗಕ್ಕೇ ಬಂದು ಕೂತಿರುತ್ತದೆ. ಹಸಿ ಅರಿವೆ ಹಿಡಿದು ಮೇಲಿಂದ ಕೆಳಗೆ ಬರಬೇಕು. ಫ್ಯಾನ್ ಮೊದಲು, ನೆಲ ಕೊನೆಗೆ. ದಿನಕ್ಕೆ ಒಂದೇ ತಾಲ್ಲೂಕು. ಇಷ್ಟನ್ನು ಕುರ್ಚಿಯಲ್ಲಿ ಕೂತು, ಕಾಲು ಎತ್ತಿ (ಕೆಳಗೆ ಅತ್ತಿ ಒರೆಸುತ್ತಿದ್ದಳು) ಹೇಳಿದರು.

"ಈ ಧೂಳಿಗೆ ಕೊನೀನ ಇಲ್ಲೇನವ್ವಾ," ಅಂದೆ ಅತ್ತಿಗೆ.

"ಒಂದ್ಸಲ ಇತ್ತಪ್ಪ," ಅಂದಳು ಅರಿವೆ ಹಿಂಡುತ್ತ. "ಸುಪ್ರೀಂ ಕೋರ್ಟು ಗಣಿ ನಿಲ್ಸಿತ್ತಲ್ಲ, 2011ರಾಗ. ಆ ವರ್ಷ ನವಮಿಗೆ ಒಂದ ಒರಸಿಗೆ ಮನಿ ಕನ್ನಡಿ ಆಗಿತ್ತು. ನಿಮ್ ಮಾಮನ ಪಗಾರಾನೂ ಅಷ್ಟ ಸ್ವಚ್ಛ."

ಮಾಮ ನೋಟ್‌ಬುಕ್ಕಿನ ಹಾಳೆ ತಿರುವಿದರು. ಆ ಜುಲೈ ಕೊನೆಯಿಂದ ಮುಂದೆ ಎಷ್ಟೋ ತಿಂಗಳು ಅವರು ತೂಗಲು ಲಾರಿ ಇರಲಿಲ್ಲ. ಅತ್ತಿ ಸೀರೆಗೆ ಫಾಲ್ ಹೊಲಿದು ಮನೆ ನಡೆಸಿದ್ದಳು. ಮರುವರ್ಷಗಳಲ್ಲಿ ಗಣಿಗಳು ಒಂದೊಂದಾಗಿ ತೆರೆದು, ಬನಿಯನ್ನಿನ ಮೇಲೆ ಮತ್ತೆ ಕೆಂಪು ಗೆರೆ ಕಂಡ ದಿನ ಅವಳು ಹೋಳಿಗೆ ಮಾಡಿದ್ದಳಂತೆ.

ಮಾಮ ಮಾತು ಹೊರಳಿಸಿದರು. "ನೀರೂ ಲೆಕ್ಕದಾಗ ಇರಬೇಕು. ಒಂದ್ ತಾಲ್ಲೂಕಿಗೆ ಎರಡ ಬಕೀಟು. ಡ್ಯಾಮಿನ್ಯಾಗ 33 ಗೇಟ್ ಯಾಕ ಮಾಡ್ಯಾರ..." ಅಷ್ಟರಲ್ಲಿ ಬಚ್ಚಲಿನ ಕಡೆಯಿಂದ ಸದ್ದಿಲ್ಲದೆ ನೀರು ಪಡಸಾಲೆಗೆ ಬಂತು. ಎರಡು ಬಕೀಟಿನ ಲೆಕ್ಕ ತೋರಿಸಲೆಂದು ನಲ್ಲಿ ತಿರುವಿ ಬಂದವರು ಅವರೇ.

"ಬಂತ್ ನೋಡ್ರಿ ನಿಮ್ 19ನೇ ಗೇಟು," ಅಂದಳು ಅತ್ತಿ. ಎರಡು ತಿಂಗಳ ಹಿಂದಷ್ಟೇ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ ಆ ಗೇಟು ಚೈನು ಕಡಿದು ಕೊಚ್ಚಿಹೋಗಿತ್ತು. ವಾರ ಹೆಣಗಾಡಿ ಸ್ಟಾಪ್‌ಲಾಗ್ ಇಳಿಸಿದ್ದರು. ಇಲ್ಲಿ ಇಳಿಸಲು ಇದ್ದದ್ದು ಮಾಮ ಒಬ್ಬರೇ. ಅತ್ತಿ ಅರಿವೆಯನ್ನು ಅವರ ತೊಡೆಯ ಮೇಲೆ ಇಟ್ಟು, ಕೌದಿಯ ಗಂಟು ಹೊತ್ತು ಕಾಲುವೆಯ ದಾರಿ ಹಿಡಿದಳು.

ಮಾಮ ನನ್ನ ಮುಖ ನೋಡಿದರು. ನಾನು ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡೆ. ಲುಂಗಿ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತರು. ಒರೆಸಿದರು, ಹಿಂಡಿದರು, ಮತ್ತೆ ಒರೆಸಿದರು. ಬಕೀಟಿನ ನೀರು ಕೆಂಪಾಗಿ, ತಳದಲ್ಲಿ ಮಡ್ಡಿ ಕೂತಿತು. ಮಾಮ ಬಗ್ಗಿ ಅದನ್ನೇ ದಿಟ್ಟಿಸಿ ನೋಡಿದರು.

"ಲೇ ಅಳಿಯಾ, ನೀರು ಬಿಟ್ಟು, ಇದು ಎಷ್ಟ್ ಗ್ರಾಂ ತೂಗಬೌದಲೇ?"