ಬಿಟಿಯು ರಾಯರು

ಬಾಸ್ಟನ್ನಿನ ಸುತ್ತಮುತ್ತ ಕನ್ನಡದವರ ಹತ್ತು ಮನೆ ಎಲ್ಲಿದ್ದರೂ ಅಲ್ಲೊಬ್ಬ ಬಿಟಿಯು ರಾಯರು ಇದ್ದೇ ಇರುತ್ತಾರೆ. ಅವರು ರಾಯರೇ ಆಗಬೇಕೆಂದಿಲ್ಲ. ಗೌಡರೋ ಪಾಟೀಲರೋ ಆಗಿರಬಹುದು. ಗುರುತು ಹಿಡಿಯುವುದು ಸುಲಭ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೈಗಿಟ್ಟು "ಈ ಸಲ ಚಳಿ ಜಾಸ್ತಿ ಅಲ್ವಾ" ಅನ್ನಿ. ಬೇರೆಯವರು "ಹೌದು ಕಣ್ರೀ" ಅಂದು ಕಬ್ಬಿನ ತುಂಡಿಗೆ ಕೈ ಹಾಕುತ್ತಾರೆ. ಇವರು ಎಳ್ಳನ್ನು ಹಾಗೇ ಮುಷ್ಟಿಯಲ್ಲಿ ಹಿಡಿದು, "ನಿಮ್ಮನೆ ಹೀಟ್ ಲಾಸ್ ಎಷ್ಟು? ಲೆಕ್ಕ ಹಾಕಿದೀರಾ?" ಎನ್ನುತ್ತಾರೆ.

ಊರಲ್ಲಿದ್ದಾಗಲೂ ಇವರು ಹೀಗೇ. ಮಿಕ್ಸಿ ಕೊಳ್ಳಲು ಹೋದವರು ಚಟ್ನಿಯ ಮಾತೆತ್ತದೆ ಮೋಟಾರಿನ ಆರ್‌ಪಿಎಂ ವಿಚಾರಿಸಿ ಅಂಗಡಿಯವನನ್ನು ಗೋಡೌನಿಗೆ ಓಡಿಸಿದವರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ವಯರು ಕೊಳ್ಳಲು ಅರ್ಧ ಭಾನುವಾರ ಕಳೆದವರು. ಅಮೆರಿಕಕ್ಕೆ ಬಂದ ಮೇಲೆ ಈ ಗುಣಕ್ಕೆ ತಕ್ಕ ದೇಶ ಸಿಕ್ಕಿತು, ಅಷ್ಟೇ.

ನಮ್ಮ ಪಾಲಿನ ರಾಯರು ಕೊಂಡ ಮನೆಯಲ್ಲಿ ಇಟ್ಟಿಗೆಯ ಫೈರ್‌ಪ್ಲೇಸ್ ಇತ್ತು. ಮೊದಲ ಚಳಿಗಾಲ ಹೆಮ್ಮೆಯಿಂದ ಬೆಂಕಿ ಹಾಕಿದರು. ಎದುರಿಗೆ ಕೂತವರ ಮೊಣಕಾಲು ಸುಟ್ಟಿತು, ಬೆನ್ನು ಮರಗಟ್ಟಿತು, ನೆಲಮಾಳಿಗೆಯ ಎಣ್ಣೆ ಬಾಯ್ಲರು ಎಂದಿಗಿಂತ ಹೆಚ್ಚು ಗುರುಗುಟ್ಟಿತು. ಹುಡುಕಿ ನೋಡಿದರೆ ಅಮೆರಿಕದ ಇಂಧನ ಇಲಾಖೆಯೇ ಬರೆದಿದೆ: ತೆರೆದ ಫೈರ್‌ಪ್ಲೇಸ್ ಗಂಟೆಗೆ 24,000 ಘನ ಅಡಿಯವರೆಗೆ ಮನೆಯ ಬಿಸಿಗಾಳಿಯನ್ನು ಚಿಮಣಿಯಿಂದ ಹೊರಗೆ ದಬ್ಬಬಲ್ಲದು. "ಅಂದ್ರೆ ದುಡ್ಡು ಕೊಟ್ಟು ಆಕಾಶ ಕಾಯಿಸ್ತಿದೀವಿ" ಎಂದು ರಾಯರು ಘೋಷಿಸಿದರು. ಪರಿಹಾರವೆಂದರೆ ಇನ್ಸರ್ಟ್. ಅದೇ ಇಟ್ಟಿಗೆಯ ಗೂಡಿನೊಳಕ್ಕೆ ಗಾಜಿನ ಬಾಗಿಲಿನ ಒಂದು ಕಬ್ಬಿಣದ ಒಲೆ ತೂರಿಸಿ, ಚಿಮಣಿಯುದ್ದಕ್ಕೂ ಸ್ಟೀಲಿನ ಕೊಳವೆ ಇಳಿಸುವುದು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಹೋಗಿ, ಚೆನ್ನಾಗಿ ಕಂಡದ್ದನ್ನು ತೋರಿಸಿ, ಸಂಜೆಗೆ ಮನೆಗೆ ಬಂದಿರುತ್ತಿದ್ದರು. ರಾಯರು ಎಕ್ಸೆಲ್ ತೆರೆದರು.

ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಶಾಖವೇ ಬಿಟಿಯು, ಬ್ರಿಟಿಷ್ ಥರ್ಮಲ್ ಯೂನಿಟ್. ಒಲೆ ಅಳೆಯಲು ಬ್ರಿಟಿಷರು ಕಿಲೋವ್ಯಾಟ್ ಹಿಡಿದು ಯಾವುದೋ ಕಾಲವಾಯಿತು. ಬ್ರಿಟಿಷರನ್ನು ಹೊಡೆದೋಡಿಸಿದ ಅಮೆರಿಕದವರು ಇದನ್ನಿನ್ನೂ ಎದೆಗವಚಿಕೊಂಡಿದ್ದಾರೆ. ಒಂದು ಇನ್ಸರ್ಟಿನ ಕೈಪಿಡಿಯಲ್ಲಿ ದೊಡ್ಡಕ್ಷರದಲ್ಲಿ ಗಂಟೆಗೆ 70,000 ಬಿಟಿಯು ಎಂದಿತ್ತು. ಅದರ ಕೆಳಗೇ "ಎಂಟು ಗಂಟೆ ಉರಿ". ರಾಯರು ಆ ಪುಟವನ್ನು ಓದಿದ ರೀತಿಯಲ್ಲಿ ಜಾತಕವನ್ನೂ ಯಾರೂ ಓದಿರಲಾರರು.

ಲೆಕ್ಕ ಹೀಗೆ. ಆ ಒಲೆಯ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 40 ಪೌಂಡ್ ಸೌದೆ. ಚೆನ್ನಾಗಿ ಒಣಗಿದ್ದರೂ ಸೌದೆಯಲ್ಲಿ ಐದನೇ ಒಂದು ಪಾಲು ನೀರು. ಹಾಗಾಗಿ ಪೌಂಡಿಗೆ 6,500 ಬಿಟಿಯು ಎಂದಿಟ್ಟುಕೊಳ್ಳಿ. ಒಟ್ಟು 2,60,000. ನೂರಕ್ಕೆ ಎಪ್ಪತ್ತೈದು ಕೋಣೆಗೆ, ಉಳಿದದ್ದು ಚಿಮಣಿಗೆ. ಕೈಗೆ ಬಂದದ್ದು 1,95,000. ಇದನ್ನು ಎಂಟು ಗಂಟೆಗೆ ಹಂಚಿದರೆ ಗಂಟೆಗೆ 24,000 ಚಿಲ್ಲರೆ. 70,000ವೇ ಬೇಕೆಂದರೆ ಮೂರು ಗಂಟೆಯೊಳಗೆ ಒಲೆ ಖಾಲಿ! ಎರಡೂ ನಿಜ, ಆದರೆ ಒಂದೇ ರಾತ್ರಿಯಲ್ಲಿ ಎರಡೂ ನಿಜವಲ್ಲ. ಬೈಕ್ ಕಂಪನಿ ಟಾಪ್ ಸ್ಪೀಡನ್ನೂ ಮೈಲೇಜನ್ನೂ ಒಂದೇ ಜಾಹೀರಾತಿನಲ್ಲಿ ಹಾಕಿದ ಹಾಗೆ. ಕೊಡುವವನು ಒಲೆಯಲ್ಲ, ಸೌದೆ. ಒಲೆ ಬರೀ ಎಷ್ಟು ಬೇಗ ಕೊಡಬೇಕೆಂದು ತೀರ್ಮಾನಿಸುವ ಗುಮಾಸ್ತ. ಇಷ್ಟು ಗೊತ್ತಾದ ಮೇಲೆ ಆರಿಸುವುದು ಸುಲಭ ಅಂತ ನನಗನ್ನಿಸಿತ್ತು. ಹೊಟ್ಟೆ ದೊಡ್ಡದಿರುವುದನ್ನು ತಗೊಳ್ಳಿ, ಮುಗಿಯಿತು. ಹಾಗೆ ಹೇಳಿದೆ ಕೂಡ. ರಾಯರು ನನ್ನನ್ನು ಕನಿಕರದಿಂದ ನೋಡಿದರು.

ಏಕೆಂದರೆ ಅಷ್ಟರಲ್ಲಿ ಅವರು ಇ.ಪಿ.ಎ. ಪಟ್ಟಿಗೆ ಇಳಿದಿದ್ದರು. ಪರಿಸರ ಇಲಾಖೆ ಒಪ್ಪಿದ ಪರೀಕ್ಷೆಯ ಅಂಕಿ ಅದು. ಅದೇ ಒಲೆಗೆ ಅಲ್ಲಿ ಹನ್ನೆರಡು ಸಾವಿರದಿಂದ ಮೂವತ್ತೈದು ಸಾವಿರ ಎಂದಿದೆ. ಎಪ್ಪತ್ತು ಸಾವಿರದ ಸುಳಿವೇ ಇಲ್ಲ. ಆ ಇಲಾಖೆಗೆ ಮುಖ್ಯ ಹೊಗೆ. 2020ರ ಮೇ 15ರಿಂದ ಹೊಸ ಒಲೆ ಪರೀಕ್ಷೆಯಲ್ಲಿ ಗಂಟೆಗೆ ಎರಡು ಗ್ರಾಂಗಿಂತ (ಮಾಮೂಲಿ ಸೌದೆಯಲ್ಲಿ ಪರೀಕ್ಷಿಸಿದರೆ ಎರಡೂವರೆ) ಹೆಚ್ಚು ಹೊಗೆಕಣ ಉಗುಳುವಂತಿಲ್ಲ. ಶಾಖದ ಅಂಕಿ ಅದರ ಜೊತೆಗೆ ಸಿಗುವ ಕೊಸರು. ಪರೀಕ್ಷೆಗೆ ಇಡುವುದೂ ಬಹಳ ಸಲ ಡಗ್ಲಸ್ ಫರ್ ಮರದ ಅಚ್ಚುಕಟ್ಟಾಗಿ ಕೊಯ್ದ ತುಂಡುಗಳನ್ನು, ನಡುವೆ ಅಳತೆಯ ಸಂದು ಬಿಟ್ಟು. "ನಮ್ಮನೇಲಿ ಓಕ್ ತಾನೆ ಉರಿಸೋದು?" ಎಂದು ಇನ್ನೊಂದು ಕಾಲಂ ಸೇರಿತು. ಕಾಲಂ ಸೇರಿದಾಗಲೆಲ್ಲ ರಾಯರ ಮುಖ ಕೆಂಪಗಾಗುತ್ತಿತ್ತು. ಒಲೆ ಬರುವ ಮೊದಲೇ ಅವರಿಗೆ ಚಳಿ ಬಿಟ್ಟಿತ್ತು.

ಇದರ ನಡುವೆ ಇಂಗ್ಲೆಂಡಿನ ಷಡ್ಡಕ ಒಲೆ ತರಿಸಿಬಿಟ್ಟರು. ವಿಡಿಯೊ ಕಾಲಿನಲ್ಲಿ "ನಮ್ಮದು ಐದು" ಎಂದರು. "ನಾನು ನೋಡ್ತಿರೋದು ಎಪ್ಪತ್ತು ಸಾವಿರ" ಎಂದು ಇವರು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವರ ಐದು ಕಿಲೋವ್ಯಾಟ್ ಅಂದರೆ ಗಂಟೆಗೆ 17,000 ಬಿಟಿಯು ಎಂದು ಗೊತ್ತಾಗಿ ರಾಯರಿಗೆ ತೃಪ್ತಿಯಾಯಿತು. ಆದರೆ ಷಡ್ಡಕ ಬಿಡುವವರೇ? "ನಮ್ಮದರ ಎಫಿಶಿಯನ್ಸಿ ಎಂಬತ್ತು ಪರ್ಸೆಂಟ್. ನಿಮ್ಮದು?" ರಾಯರು ಎರಡು ರಾತ್ರಿ ನಿದ್ದೆ ಬಿಟ್ಟು ಕಾರಣ ಅಗೆದು ತೆಗೆದರು. ಯುರೋಪಿನವರು ಸೌದೆಯ ನೀರು ಆವಿಯಾಗಿ ಹೊತ್ತೊಯ್ಯುವ ಶಾಖವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಮೆರಿಕದವರು ಅದನ್ನೂ ನಷ್ಟದ ಕಡೆ ಬರೆಯುತ್ತಾರೆ. ಅಲ್ಲಿಯ ಎಂಬತ್ತು ಇಲ್ಲಿಯ ಎಪ್ಪತ್ತರ ಆಚೀಚೆ. ಜೊತೆಗೆ ಇನ್ನೊಂದೂ ಸಿಕ್ಕಿತು: ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಒಲೆ 5 ಕಿಲೋವ್ಯಾಟ್ ದಾಟಿದರೆ ಗೋಡೆಗೆ ಕಾಯಂ ಗಾಳಿಕಿಂಡಿ ಕೊರೆಯಬೇಕೆಂಬ ನಿಯಮವಿದೆ, ಅದಕ್ಕೇ ಅಲ್ಲಿಯ ಅಂಗಡಿಗಳಲ್ಲಿ 4.9, 5ರ ಒಲೆಗಳ ಜಾತ್ರೆ. "ಅವರು ಒಲೆ ಆರಿಸಿದ್ದಲ್ಲ, ಕಿಂಡಿ ತಪ್ಪಿಸಿಕೊಂಡದ್ದು" ಎಂದು ತೀರ್ಪು ಕೊಟ್ಟು, ತೀರ್ಪಿನ ಪ್ರತಿಯನ್ನು ಮಾವನವರಿಗೂ ವಾಟ್ಸ್ಯಾಪ್ ಮಾಡಿದರು.

ಆ ಮಾವನವರು ಬೇಸಿಗೆಯಲ್ಲಿ ಬಂದರು. ಬಾಸ್ಟನ್ನಿಗೆ ಬಂದ ಹಿರಿಯರಿಗೆ ಎಲ್ಲರೂ ಹಾರ್ವರ್ಡ್ ತೋರಿಸಿ, ಅಲ್ಲಿಯ ಪ್ರಸಿದ್ಧ ವಿಗ್ರಹದ ಬೂಟು ಮುಟ್ಟಿಸಿ ಫೋಟೊ ತೆಗೆಯುತ್ತಾರೆ. ರಾಯರು ವೋಬರ್ನಿಗೆ ಕರೆದೊಯ್ದರು. ಅಲ್ಲೊಂದು ಹಳೆಯ ಮರದ ಮನೆ; 1753ರಲ್ಲಿ ಬೆಂಜಮಿನ್ ಥಾಮ್ಸನ್ ಹುಟ್ಟಿದ್ದು ಅಲ್ಲಿ. ಈತ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ವಹಿಸಿ, ಊರುಬಿಟ್ಟು, ಬವೇರಿಯಾದಲ್ಲಿ ಕೌಂಟ್ ರಮ್‌ಫರ್ಡ್ ಆಗಿ, ಫಿರಂಗಿ ಕೊರೆಯುವಾಗ ಹುಟ್ಟುವ ಶಾಖದಿಂದ ನೀರು ಕುದಿಸಿ ತೋರಿಸಿದ ಭೂಪ. 1796ರಲ್ಲಿ ಫೈರ್‌ಪ್ಲೇಸಿನ ಮೇಲೆ ಪ್ರಬಂಧ ಬರೆದು, ಅದರ ಗಂಟಲು ಕಿರಿದು ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಲಂಡನ್ನಿನ ಹೊಗೆ ತುಂಬಿದ ಹಜಾರಗಳನ್ನು ಉದ್ಧರಿಸಿದ. ಕೊನೆಗೆ ರಸಾಯನ ವಿಜ್ಞಾನಿ ಲವಾಸಿಯೆಯ ವಿಧವೆಯನ್ನು ಮದುವೆಯಾಗಿ ಸುಖ ಕಾಣಲಿಲ್ಲ. ಮಾವನವರು ಎಲ್ಲ ಕೇಳಿ, "ನಮ್ಮೂರಿಗೂ ಸೌದೆ ಉಳಿಸೋ ಅಸ್ತ್ರ ಒಲೆ ಹಾಕಿಸಿಕೊಡೋಕೆ ಬಂದಿದ್ರು" ಎಂದರು. ರಾಯರು ಪುಳಕಿತರಾದರು. "ನೋಡಿ! ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನದ್ದೇ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಅಸ್ತ್ರ ಕೇಂದ್ರ ಶುರು ಮಾಡಿದ್ದು. ಎಷ್ಟಿತ್ತು ಮಾವ ಅದರ ಔಟ್‌ಪುಟ್?" "ಏನೋಪ್ಪ. ಅನ್ನ ಆಗ್ತಿತ್ತು."

ಅಕ್ಟೋಬರಿನಲ್ಲಿ ಇನ್ಸರ್ಟ್ ಬಂತು. ಕೂರಿಸಲು ಬಂದ ಚಿಮಣಿಯವನಿಗೆ ರಾಯರು ಎಕ್ಸೆಲ್ ತೋರಿಸಿದರು. ಅವನು ವಿನಯದಿಂದ ಹಾಳೆಯನ್ನು ಕೆಳಗಿನವರೆಗೂ ಸರಿಸಿ ನೋಡಿ, ಕಿಟಕಿಯಾಚೆ ಹಿತ್ತಲ ಕಡೆ ಕಣ್ಣಾಡಿಸಿ, "ಸೌದೆ ಎಲ್ಲಿ?" ಎಂದ. ಇಷ್ಟು ಕಾಲಂಗಳಲ್ಲಿ ಅದೊಂದು ಇರಲಿಲ್ಲ. ಗಡಿಬಿಡಿಯಲ್ಲಿ ಒಂದು ಕಾರ್ಡ್, ಅಂದರೆ 128 ಘನ ಅಡಿ, ಕೆಂಪು ಓಕ್ ತರಿಸಿದರು. "ಚೆನ್ನಾಗಿ ಒಣಗಿದ್ದು" ಎಂದು ಮಾರಿದವನ ಆಣೆ. ಕೊಂಡಿಯ ಮೀಟರು ಚುಚ್ಚಿದರೆ ತೇವಾಂಶ ನೂರಕ್ಕೆ 34. ಕೆಂಪು ಓಕ್ ಸೀಳಿ ಒಟ್ಟಿದ ಮೇಲೆ ಎರಡು ವರ್ಷವಾದರೂ ಬೇಕು ಇಪ್ಪತ್ತಕ್ಕೆ ಇಳಿಯಲು. ಗಾಜಿನ ಹಿಂದೆ ಸೌದೆ ನೊರೆಗುಟ್ಟುತ್ತ ಮೊದಲು ತನ್ನ ನೀರನ್ನೇ ಕಾಯಿಸಿಕೊಂಡಿತು, ಗಾಜು ಕಪ್ಪಾಯಿತು. ಹೆಂಡತಿ ಸ್ವೆಟರ್ ಮೇಲೆ ಶಾಲು ಹೊದ್ದು, "ಇದು ಎಷ್ಟು ಸಾವಿರ ಈಗ?" ಎಂದು ಕೇಳಿದರು. ಕುಹಕವಲ್ಲವೆಂದು ತಿಳಿದ ರಾಯರು ಉತ್ತರಿಸಲು ಕ್ಯಾಲ್ಕುಲೇಟರು ತೆಗೆದರು.

ಭಟ್ಟಿಯಲ್ಲಿ ಒಣಗಿಸಿದ ಸೌದೆ ದುಬಾರಿ ಬೆಲೆಗೆ ತರಿಸಿದ ಮೇಲೆ ಮನೆ ನಿಜಕ್ಕೂ ಬೆಚ್ಚಗಾಯಿತೆನ್ನಿ. ಆ ಖ್ಯಾತಿ ಹಬ್ಬಿತ್ತು. ಹಾಗಾಗಿ ಹಿಮಗಾಳಿ ಬೀಸಿ ಊರಿಗೆಲ್ಲ ಕರೆಂಟು ಹೋದ ರಾತ್ರಿ ನಾವು ನಾಲ್ಕು ಸಂಸಾರ, ಮಕ್ಕಳು, ಕಂಬಳಿ, ಒಂದು ಪಾತ್ರೆ ಬಿಸಿಬೇಳೆಬಾತಿನ ಸಮೇತ ರಾಯರ ಹಜಾರಕ್ಕೆ ಬಂದಿಳಿದೆವು. ಒಲೆ ಧಗಧಗ ಉರಿಯುತ್ತಿತ್ತು. ಹಜಾರ ಮಾತ್ರ ಬಿಸಿಯಾಗಿರಲಿಲ್ಲ. ಇನ್ಸರ್ಟಿನ ಮೈಯೆಲ್ಲ ಇಟ್ಟಿಗೆಯ ಗೂಡಿನೊಳಗೆ. ಅಲ್ಲಿಯ ಬಿಸಿಯನ್ನು ಈಚೆಗೆ ತಳ್ಳುವುದು ಒಂದು ಪುಟ್ಟ ಫ್ಯಾನು, ಅದಕ್ಕೆ ಬೇಕಾದದ್ದು ಕರೆಂಟು. ಉಳಿದಂತೆ ಗಾಜಿನೆದುರು ಎಷ್ಟು ಜನ ಹಿಡಿಸುತ್ತಾರೋ ಅಷ್ಟು ಜನಕ್ಕೆ ಕಾವು. ನಾವು ಪಾಳಿಯ ಮೇಲೆ ಕೂತೆವು.

ಆಗ ಹೊಸದಾಗಿ ಊರಿಂದ ಬಂದಿದ್ದ ಹುಡುಗನೊಬ್ಬ, ಪಾಪ, ಏನೂ ಅರಿಯದೆ, "ಅಂಕಲ್, ನಮ್ಮ ಬೆಂಗಳೂರಿನ ಥರ ಒಂದು ಯುಪಿಎಸ್ ಇಟ್ಟರೆ ಆಗಲ್ವಾ?" ಎಂದ. ರಾಯರ ಹೆಂಡತಿ ಕತ್ತಲಲ್ಲೇ ಕೈಸನ್ನೆ ಮಾಡಿದರು, ಅವನಿಗೆ ಕಾಣಲಿಲ್ಲ. ರಾಯರು ಪಾಳಿ ಬಿಟ್ಟು ಎದ್ದು, ಚಾರ್ಜು ಮುಗಿಯುತ್ತಿದ್ದ ಫೋನಿನಲ್ಲಿ ಹೊಸ ಹಾಳೆ ತೆರೆದು ಅವನ ಪಕ್ಕ ಬಂದು ಕೂತರು.

"ಒಳ್ಳೇ ಪಾಯಿಂಟು. ಪ್ಯೂರ್ ಸೈನ್ ವೇವೋ, ಸ್ಕ್ವೇರ್ ವೇವೋ?"