ಕಂಪನಶಮನಪೀಠ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸತಕ್ಕವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ನಿರೂಪಿಸಬೇಕೆಂಬುದು ಶಿಷ್ಟರ ಪದ್ಧತಿಯಾದುದರಿಂದ ಅದನ್ನು ಇಲ್ಲಿಯೇ ಪೂರೈಸಿಬಿಡುವೆನು. ಸಂಗೀತಶ್ರವಣಾರ್ಥವಾಗಿ ಗೃಹಸ್ಥನು ಕೊಂಡು ತಂದ ಟರ್ನ್‌ಟೇಬಲ್, ಆಂಪ್ಲಿಫೈಯರು, ಸ್ಪೀಕರು ಮೊದಲಾದ ಯಂತ್ರಗಳು ಅದುರದಂತೆ ಅವುಗಳ ಅಡಿಯಲ್ಲಿ ಇಡತಕ್ಕ ಪೀಠವೇ ಇಲ್ಲಿ ವಿಷಯ. ಅದುರಾಟದ ಆತ್ಯಂತಿಕ ನಿವೃತ್ತಿಯೇ ಪ್ರಯೋಜನ. ಇವೆರಡಕ್ಕೂ ಇರುವ ಸಂಬಂಧವು ಅಂಗಡಿಯವನಿಗೂ ಗಿರಾಕಿಗೂ ಇರುವ ಸಂಬಂಧವೇ ಹೊರತು ಬೇರೆಯಲ್ಲ. ಅಧಿಕಾರಿ ಯಾರೆಂಬುದು ಮಾತ್ರ ಕ್ಲಿಷ್ಟವಾದ ಪ್ರಶ್ನೆ. ಅದನ್ನು ಮುಂದಕ್ಕೆ ತಳ್ಳಿದ್ದೇನೆ.

ಕಂಪನವು ಇಷ್ಟವೆಂದೂ ಅನಿಷ್ಟವೆಂದೂ ಎರಡು ಬಗೆ. ಗಾಯಕನು ತನ್ನ ಕಂಠದಿಂದ ಹುಟ್ಟಿಸಿದ್ದು ಇಷ್ಟ. 13ನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಹದಿನೈದು ಗಮಕಗಳನ್ನು ಎಣಿಸುವಾಗ ಕಂಪಿತಕ್ಕೂ ಮರ್ಯಾದೆಯ ಸ್ಥಾನವನ್ನೇ ಕೊಟ್ಟಿದ್ದಾನೆ. ಮೇಲಿನ ಮನೆಯಲ್ಲಿ ಖಾರದಪುಡಿ ಕುಟ್ಟುವುದರಿಂದಲೂ ಬೀದಿಯಲ್ಲಿ ಜಲ್ಲಿಯ ಲಾರಿ ಹಾಯುವುದರಿಂದಲೂ ಹುಟ್ಟುವುದು ಅನಿಷ್ಟ. ಗ್ರಾಮಫೋನಿನ ಮುಳ್ಳಿಗೆ ಈ ವಿವೇಕವಿಲ್ಲ. ತನ್ನನ್ನು ಅಲುಗಿಸಿದ್ದು ತಟ್ಟೆಯ ಗೀರೋ ಕೆಳಗಿನ ಮೇಜೋ ಎಂಬ ಭೇದವನ್ನರಿಯದ ಆ ಬಡಪ್ರಾಣಿಯು, ಅಲುಗಿದ್ದನ್ನೆಲ್ಲ ಹಾಡೆಂದೇ ಬಗೆದು ಆಂಪ್ಲಿಫೈಯರಿಗೆ ವರದಿಯೊಪ್ಪಿಸುತ್ತದೆ. ಸ್ಪೀಕರಿನಿಂದ ಹೊರಟ ನಾದವು ನೆಲದ ಮೂಲಕ ಹಿಂತಿರುಗಿ, ಮುಳ್ಳನ್ನು ಅಲುಗಿಸಿ, ದ್ವಿಗುಣವಾಗಿ ಮತ್ತೆ ಸ್ಪೀಕರಿಗೇ ಬಂದು, ಹೀಗೆ ಸುತ್ತಿ ಸುತ್ತಿ ಕಡೆಗೆ ಗೂಳಿಯಂತೆ ಗುಟುರು ಹಾಕುವುದೂ ಉಂಟು. ಇದು ಕಲ್ಪಿತ ರೋಗವಲ್ಲ. ಇದಕ್ಕೆ ಔಷಧವೂ ಇದೆ. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚೂರ್ ಎಂಬಾತನು ತಟ್ಟೆಯನ್ನೂ ಮುಳ್ಳಿನ ತೋಳನ್ನೂ ಒಂದೇ ಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಮೂರು ಸ್ಪ್ರಿಂಗುಗಳ ಆಧಾರದಲ್ಲಿ ತೇಲಿಬಿಟ್ಟ ಟರ್ನ್‌ಟೇಬಲನ್ನು ಮಾರಾಟಕ್ಕೆ ತಂದನು. ಭಾರವಿಟ್ಟಾಗ 1 ಸೆಂಟಿಮೀಟರು ಕುಗ್ಗುವ ಸ್ಪ್ರಿಂಗು ತಾನಾಗಿ ಸೆಕೆಂಡಿಗೆ ಸುಮಾರು 5 ಸಲ ತೂಗುತ್ತದೆ, ಅದರ 1.4ರಷ್ಟನ್ನು, ಎಂದರೆ 7ನ್ನು, ಮೀರಿದ ಅದುರುಗಳನ್ನು ತಡೆಯತೊಡಗುತ್ತದೆ. 5ರ ಆಸುಪಾಸಿನವನ್ನು ತಡೆಯುವುದಂತಿರಲಿ, ಹೆಚ್ಚಿಸುತ್ತದೆ. ಶಾಸ್ತ್ರವೆಂಬುದು ಇಷ್ಟೇ. ಇಷ್ಟಕ್ಕೇ ಮುಗಿದುಹೋದರೆ ವ್ಯಾಪಾರ ನಡೆಯುವ ಬಗೆಯೆಂತು? ಆದಕಾರಣ ಸಂಪ್ರದಾಯಗಳು ಹುಟ್ಟಿದವು.

ಸಂಪ್ರದಾಯಸ್ಥರಲ್ಲಿ ಮೊದಲನೆಯವರು ಶೂಲವಾದಿಗಳು. ಯಂತ್ರವನ್ನು ಉಕ್ಕಿನ ಮೊನೆಗಳ ಮೇಲೆ ನಿಲ್ಲಿಸಿದರೆ ಅದರೊಳಗಣ ಕಂಪನವು ಭೂಮಿಗೆ ಇಳಿದುಹೋಗುವುದೆಂದೂ, ಭೂಮಿಯ ಕಂಪನವು ಮಾತ್ರ ಅದೇ ಮಾರ್ಗದಲ್ಲಿ ಮೇಲಕ್ಕೆ ಬಾರದೆಂದೂ ಇವರ ಮತ. ಕೆಳಗಿಳಿಸಿದ ಉಕ್ಕು ಮೇಲೇರಿಸದಿರಲು ಕಾರಣವೇನೆಂದು ಕೇಳಿದವನು ನಾಸ್ತಿಕ. ವಾಸ್ತವವಾಗಿ ಈ ಮೊನೆಗಳಿಗೆ ಗೌರವಾರ್ಹವಾದ ಪೂರ್ವವೃತ್ತಾಂತವೊಂದಿದೆ: ಇಂಗ್ಲೆಂಡಿನ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ದಪ್ಪನೆಯ ರತ್ನಗಂಬಳಿ, ಅದರ ಮೇಲೆ ಓಲಾಡುವ ಸ್ಪೀಕರು ಕಂಬಳಿಯನ್ನು ಚುಚ್ಚಿ ಹಲಗೆಯನ್ನು ಮುಟ್ಟಿ ಸ್ಥಿರವಾಗಿ ನಿಲ್ಲಲು ಮೊನೆ ಬೇಕು. ಆ ಮೊನೆಯು ಕಂಬಳಿಯನ್ನು ಅಲ್ಲಿಯೇ ಬಿಟ್ಟು ತಾನೊಂದೇ ಬೆಂಗಳೂರಿಗೆ ಬಂದಿತು. ಇಲ್ಲಿ ನೆಲ ಗ್ರಾನೈಟು. ಮೊನೆ ನೆಲವನ್ನು ಗೀರುವುದರಿಂದ ಅದರ ಅಡಿಗೆ ಹಿತ್ತಾಳೆಯ ಬಿಲ್ಲೆ. ಬಿಲ್ಲೆಯೂ ಗೀರುವುದರಿಂದ ಅದರ ಅಡಿಗೆ ಬಟ್ಟೆಯ ತುಂಡು. ಚುಚ್ಚಲೆಂದು ಒಂದು, ಚುಚ್ಚದಿರಲೆಂದು ಇನ್ನೊಂದು, ಎರಡಕ್ಕೂ ಹಣ.

ಎರಡನೆಯವರಾದ ಮಾರ್ದವವಾದಿಗಳು ರಬ್ಬರು, ಸಾರ್ಬೋಥೇನ್ ಮುಂತಾದ ಮೆತ್ತನೆಯ ದ್ರವ್ಯಗಳನ್ನು ಉಪಾಸಿಸತಕ್ಕವರು. ಇವರ ಮತದಲ್ಲಿ ಸತ್ಯಾಂಶ ಹೆಚ್ಚು. ಆದರೆ ಭಾರ ಕಡಮೆಯಾದರೆ ಇಂಥ ದ್ರವ್ಯದ ಬಿಲ್ಲೆಯು ಗಟ್ಟಿಯಾಗಿಯೇ ಉಳಿಯುವುದು, ಹೆಚ್ಚಾದರೆ ಚಪ್ಪಟೆಯಾಗುವುದು. ಯಂತ್ರದ ತೂಕಕ್ಕೆ ಹೊಂದಿದರಷ್ಟೇ ಫಲ. ತೂಕವೆಷ್ಟೆಂದು ಕೇಳಿದ ಅಂಗಡಿಯವನನ್ನು ನಾನಿನ್ನೂ ಕಂಡಿಲ್ಲ. ಮೂರನೆಯವರು ಶಿಲಾವಾದಿಗಳು. ನಾಲ್ಕನೆಯವರು ಯಂತ್ರವನ್ನು ಅಯಸ್ಕಾಂತದ ಮೇಲೆ ತೇಲಿಸುವವರು. ಐದನೆಯವರ ಲಕ್ಷಣವನ್ನು ಬರೆಯಲುದ್ಯುಕ್ತನಾದಾಗ, ಸ್ಪೀಕರಿನ ತಂತಿಗಳು ನೆಲವನ್ನು ಮುಟ್ಟದಂತೆ ಎತ್ತಿಹಿಡಿಯುವ ಪಿಂಗಾಣಿಯ ಪೀಠಗಳೂ ಉಂಟೆಂದು ತಿಳಿದುಬಂದು, ವರ್ಗೀಕರಣದಲ್ಲಿ ನನಗಿದ್ದ ಉತ್ಸಾಹವೆಲ್ಲ ಇಂಗಿಹೋಯಿತು. ಗ್ರಂಥವಿಸ್ತಾರಭಯದಿಂದ ಬಿಟ್ಟಿದೆಯೆಂದು ಬರೆಯುವುದು ಸಂಪ್ರದಾಯ. ಬೇಸರದಿಂದ ಬಿಟ್ಟಿದೆ.

ಇನ್ನು ಅಧಿಕಾರಿ. ಅಂಗಡಿಯವನು ಒಂದೇ ಹಾಡನ್ನು ಮೊದಲು ಸಾಧಾರಣ ಮೇಜಿನ ಮೇಲೂ ಅನಂತರ ಸ್ಕೂಟರಿನಷ್ಟು ಬೆಲೆಯ ಪೀಠದ ಮೇಲೂ ನುಡಿಸಿ, “ಕೇಳಿಸ್ತಾ ಸಾರ್?” ಎನ್ನುತ್ತಾನೆ. ಕೇಳಿಸಿತೆಂದರೆ ಪೀಠದ ಮಹಿಮೆ, ಇಲ್ಲವೆಂದರೆ, “ಕೇಳ್ತಾ ಕೇಳ್ತಾ ಗೊತ್ತಾಗುತ್ತೆ, ನಿಮ್ಮ ಕಿವಿ ಇನ್ನೂ ಪಳಗಿಲ್ಲ.” ಪರದೆಯ ಹಿಂದಿಟ್ಟು ನುಡಿಸಪ್ಪಾ, ಯಾವುದು ಯಾವುದೆಂದು ಹೇಳುತ್ತೇನೆ ಎಂದರೆ, ಪರೀಕ್ಷೆಯ ಉದ್ವೇಗದಲ್ಲಿ ಕಿವಿ ಮಂಕಾಗುತ್ತದೆಂದು ಸಮಾಧಾನ. ಸೋಲಲು ಸಾಧ್ಯವೇ ಇಲ್ಲದ ವಾದವಿದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ, ತಮಗೇ ತಿಳಿಯದ ವಾಕ್ಯವನ್ನು ಕುರಿತು ವಿದ್ಯಾರ್ಥಿಯು ಪ್ರಶ್ನಿಸಿದಾಗ “ನಿನಗೆ ಇನ್ನೂ ಸಂಸ್ಕಾರ ಸಾಲದು” ಎಂದು ಕೂರಿಸುತ್ತಿದ್ದವರ ಬಾಯಲ್ಲಿ ಇದನ್ನೇ ಕೇಳಿ ಬೆಳೆದವನಾದ್ದರಿಂದ ನನಗೆ ಇದರ ಗುರುತು ಚೆನ್ನಾಗಿ ಸಿಕ್ಕುತ್ತದೆ.

ಧಾರವಾಡದ ಕಡೆಯವರಾದ ನನ್ನ ಮಿತ್ರರೊಬ್ಬರು, ನಿವೃತ್ತ ಉಪಾಧ್ಯಾಯರು, ತಗಡಿನ ಟ್ರಂಕಿನ ಮೇಲಿಟ್ಟ ಹಳೆಯ ಫಿಯೆಸ್ಟಾ ಗ್ರಾಮಫೋನ್ ಪೆಟ್ಟಿಗೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತ, ಅಪ್ರಚಲಿತ ರಾಗವೊಂದರ ಜಾಡು ಹಿಡಿದು ಮಧ್ಯರಾತ್ರಿಯವರೆಗೆ ವಾದಿಸುತ್ತಿದ್ದರು. ಈಗ ಅವರಲ್ಲಿ ಪೀಠವಿದೆ. ತಾನಿನ ನಡುವೆ ಎದ್ದುಹೋಗಿ, ಪೀಠದ ಮೇಲೆ ಅಂಗೈಯಿಟ್ಟು, “ಬೇಸ್ ಬಿಗಿ ಆಗೇದಲ್ಲರೀ?” ಎಂದು ಕೇಳುತ್ತಾರೆ. ಹಣ ಹೋದರೆ ಹೋಗಲಿ. ನಲವತ್ತು ವರ್ಷ ಕೇಳಿ ಪಕ್ವವಾದ ಕಿವಿಯೊಂದನ್ನು ನಂಬಲನರ್ಹವೆಂದು ಅದರ ಒಡೆಯನಿಗೇ ಒಪ್ಪಿಸಿಬಿಟ್ಟರಲ್ಲ, ಆ ಪಾಪಕ್ಕೆ ಯಾವ ಪ್ರಾಯಶ್ಚಿತ್ತ? ಅದೇ ತಟ್ಟೆಯಲ್ಲಿ ಮನ್ಸೂರರ ಹಿಂದೆ ತಂಬೂರಿ ನುಡಿಯುತ್ತಿರುತ್ತದೆ. ತಂಬೂರಿಯ ಕುದುರೆಗೂ ತಂತಿಗೂ ನಡುವೆ ಜೀವಾಳಿಯೆಂಬ ನೂಲೆಳೆಯೊಂದನ್ನು ಸಿಕ್ಕಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ತಂತಿಯು ಝೇಂಕರಿಸುವ ತಾಣವನ್ನು ಹುಡುಕುವರು. ಕಾಸಿನ ಬೆಲೆಯಿಲ್ಲದ ಆ ನೂಲು ಇರುವುದು ಅದುರನ್ನು ಅಡಗಿಸಲಲ್ಲ, ಅರಳಿಸಲು. ಕೇಳಿಸದಿದ್ದರೆ ನೂಲನ್ನು ಸರಿಸುತ್ತಾರೆಯೇ ವಿನಾ ಯಾರ ಕಿವಿಯನ್ನೂ ಹಳಿಯುವುದಿಲ್ಲ.

ಹಾಗಾದರೆ ಸಿದ್ಧಾಂತವೇನು? ಟರ್ನ್‌ಟೇಬಲಿಗೆ, ಗಟ್ಟಿ ಗೋಡೆಗೆ ಎರಡು ಕಬ್ಬಿಣದ ಬ್ರಾಕೆಟ್ಟು ಹೊಡೆಸಿ, ಕಡಪದ ಕಲ್ಲು ಹೊದಿಸಿ, ರಸಮಟ್ಟವಿಟ್ಟು ನೋಡತಕ್ಕದ್ದು. ಸಾಲದಿದ್ದರೆ ಅರೆಗಾಳಿ ತುಂಬಿದ ಸೈಕಲ್ ಟ್ಯೂಬಿನ ಮೇಲೊಂದು ಹಲಗೆ. ಸ್ಪೀಕರು ದೂರವಿರಲಿ.

ಆಂಪ್ಲಿಫೈಯರಿಗೆ? ವಾಲ್ವಿನದಾದರೆ ತಟ್ಟಿದಾಗ ದನಿಗೊಡುವುದುಂಟು. ಟ್ರಾನ್ಸಿಸ್ಟರಿನದಾದರೆ ಗಾಳಿಯಾಡುವ ಜಾಗ ಸಾಕು. ತಂತಿಗೆ? ಕಾಲಿಗೆ ತೊಡರದಿದ್ದರಾಯಿತು. ಈಗಾಗಲೇ ಕೊಂಡ ಪೀಠಕ್ಕೆ? ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮಿತ್ರರ ಪರವಾಗಿ ವಿಚಾರಿಸಿಯಾಗಿದೆ.