ಹಿಂದಿನ ಗಾಜಿನ ದೇವರುಗಳು

ಬಾಪೂಜಿ ನಗರದಲ್ಲಿ ಯಾರು ಯಾರ ಅಭಿಮಾನಿ ಎಂದು ತಿಳಿಯಲು ಯಾರನ್ನೂ ಮಾತಾಡಿಸಬೇಕಾಗಿಲ್ಲ. ಸಂಜೆ ಆರೂವರೆಗೆ ಮೈಸೂರು ರಸ್ತೆಗೆ ಬಂದು ನಿಂತರೆ ಸಾಕು. ಗಾಡಿಗಳು ಹೇಗೂ ಕದಲುವುದಿಲ್ಲ, ಒಂದೊಂದರ ಬೆನ್ನನ್ನೂ ಸಾವಕಾಶವಾಗಿ ಓದಿಕೊಳ್ಳಬಹುದು. ಆಟೋ ಹಿಂದೆ ಶಂಕರ್ ನಾಗ್. ಕ್ಯಾಬ್ ಹಿಂದೆ ಹುಬ್ಬು ಗಂಟಿಕ್ಕಿದ ಹನುಮಂತ. ಬುಲೆಟ್ಟಿನ ಟ್ಯಾಂಕಿನ ಮೇಲೆ ಬ್ಯಾಟ್‌ಮ್ಯಾನ್‌ನ ಬಾವಲಿ. ಸ್ಕೂಲ್ ವ್ಯಾನಿನ ಹೊರಗೆ ನೇತಾಡುವ ಬ್ಯಾಗಿನ ಮೇಲೆ ಸ್ಪೈಡರ್‌ಮ್ಯಾನ್. ಬೆಟ್ಟ ಎತ್ತಿದವನು, ಗೋಡೆ ಹತ್ತುವವನು, ಕತ್ತಲಲ್ಲಿ ಹಾರುವವನು ಎಲ್ಲರೂ ಒಂದೇ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು, ಮುಂದಿನ ಟೆಂಪೋದ ಹೊಗೆ ಕುಡಿಯುತ್ತಿರುತ್ತಾರೆ.

ಅಭಿಮಾನಿ ತನ್ನಲ್ಲಿಲ್ಲದ ಶಕ್ತಿಯನ್ನು ನಾಯಕನಲ್ಲಿ ಕಂಡುಕೊಳ್ಳುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಶಕ್ತಿ ಯಾರಿಗೆ ಬೇಕು? ಅದರ ಜೊತೆಗೆ ಹೊಣೆ ಬೇರೆ ಬರುತ್ತದಂತೆ. ಅಭಿಮಾನಿಗೆ ಬೇಕಿರುವುದು ಒಂದು ರಿಯಾಯಿತಿ. ತಾನು ಈಗಾಗಲೇ ಮಾಡುತ್ತಿರುವುದನ್ನು ಇನ್ನೂ ನಿಶ್ಚಿಂತೆಯಿಂದ ಮಾಡಿಕೊಂಡು ಹೋಗಲು ಮೇಲಿನವರೊಬ್ಬರ ಒಪ್ಪಿಗೆ. ಆ ಒಪ್ಪಿಗೆ ಯಾರಿಂದ ಸಿಗುತ್ತದೋ ಅವರ ಸ್ಟಿಕ್ಕರ್ ಗಾಡಿಗೆ ಏರುತ್ತದೆ.

ನಮ್ಮ ಕಡೆಯ ಒಂದು ಮಾದರಿ ಕಟ್ಟಡವನ್ನೇ ತೆಗೆದುಕೊಳ್ಳಿ. ಇಪ್ಪತ್ತು-ಮೂವತ್ತರ ಸೈಟು, ಅದರ ಮೇಲೆ ನಾಲ್ಕು ಅಂತಸ್ತು. ಮಾಲೀಕರ ಮಗ ಬ್ಯಾಟ್‌ಮ್ಯಾನ್ ಭಕ್ತ. ಸಹಜವೇ. 1939ರಲ್ಲಿ ಹುಟ್ಟಿದ ಈ ಬ್ಯಾಟ್‌ಮ್ಯಾನ್ ಅಪ್ಪನ ಆಸ್ತಿಯಲ್ಲಿ ಬದುಕುವ ಹುಡುಗ. ಊರಿನ ಚರಂಡಿ, ಶಾಲೆ, ಆಸ್ಪತ್ರೆಗೆ ಆ ದುಡ್ಡು ಸುರಿದಿದ್ದರೆ ಅರ್ಧಕ್ಕರ್ಧ ಕಳ್ಳರು ಕಳ್ಳತನ ಬಿಡುತ್ತಿದ್ದರೇನೋ. ಅವನು ಕಾರು ಮಾಡಿಸಿಕೊಂಡ. ರಾತ್ರಿ ಹೊತ್ತು ಹೊರಟು ಬಡ ಜೇಬುಗಳ್ಳರಿಗೆ ಒದೆಯುತ್ತಾನೆ. ಅವನ ಬಂಗಲೆಯ ಪ್ಲಾನ್ ಸ್ಯಾಂಕ್ಷನ್ ಆಗಿತ್ತೇ, ಸೆಟ್‌ಬ್ಯಾಕ್ ಬಿಟ್ಟಿದ್ದನೇ ಎಂದು ಎಂಬತ್ತು ವರ್ಷಗಳಲ್ಲಿ ಒಬ್ಬ ಇಂಜಿನಿಯರೂ ಕೇಳಿಲ್ಲ. ನಾಲ್ಕು ಅಂತಸ್ತಿನ ಮಾಲೀಕರ ಮಗನಿಗೆ ಇದಕ್ಕಿಂತ ದೊಡ್ಡ ಆದರ್ಶ ಎಲ್ಲಿ ಸಿಕ್ಕೀತು? ಆತನೂ ಗೇಟಿಗೆ ನಾಲ್ಕು ಸಿಸಿಟಿವಿ ಹಾಕಿಸಿ ಊರು ಕಾಯುತ್ತಾನೆ.

ಅದೇ ಕಟ್ಟಡದ ಒಂದನೇ ಮಹಡಿಯ ಪಿಜಿ ಹುಡುಗರು ಸ್ಪೈಡರ್‌ಮ್ಯಾನ್ ಪಕ್ಷ. 1962ರಲ್ಲಿ ಬಂದ ಈತ ಸೂಪರ್‌ಹೀರೋಗಳ ಪೈಕಿ ಬಾಡಿಗೆದಾರರ ಪ್ರತಿನಿಧಿ. ಬಾಡಿಗೆ ಬಾಕಿ, ಕಾಲೇಜಿಗೆ ತಡ, ಕೆಲಸದಲ್ಲಿ ಬೈಗುಳ, ಮೆಚ್ಚಿದ ಹುಡುಗಿ ದೂರ. ಇಷ್ಟಾದರೂ ತಪ್ಪು ಅವನದಲ್ಲ, ಅವನು ಲೋಕ ಉಳಿಸಲು ಹೋಗಿದ್ದ. ಮೂರು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡವನಿಗೆ ಇದಕ್ಕಿಂತ ಒಳ್ಳೆಯ ಸಬೂಬು ಬೇಕೇ? ಅವನು ಗೋಡೆ ಹತ್ತುವುದರಲ್ಲೂ ನಮ್ಮ ಹುಡುಗರಿಗೆ ಪವಾಡವೇನೂ ಕಾಣುವುದಿಲ್ಲ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಬೀಳುವ ಪಿಜಿಯಲ್ಲಿ ಎಲ್ಲರೂ ಹತ್ತುತ್ತಾರೆ. ಕೆಳಗೆ ಸ್ಪೈಡರ್‌ಮ್ಯಾನ್, ಮೇಲೆ ಬ್ಯಾಟ್‌ಮ್ಯಾನ್, ನಡುವೆ ಹತ್ತು ತಿಂಗಳ ಅಡ್ವಾನ್ಸ್. ಇಬ್ಬರೂ ಒಂದೇ ಕಥೆಯಲ್ಲಿ ತೀರಾ ಅಪರೂಪಕ್ಕಷ್ಟೇ ಬರುವುದಕ್ಕೆ ಬೇರೆ ಬೇರೆ ಕಂಪನಿಯವರು ಎಂಬ ಕಾರಣ ಕೊಡುತ್ತಾರೆ. ಅಡ್ವಾನ್ಸ್ ವಾಪಸು ಕೊಡುವಾಗ ಬಣ್ಣ ಬಳಿಸಿದ ಖರ್ಚು ಹಿಡಿದುಕೊಂಡಿದ್ದೇ ಕಾರಣವಿರಬೇಕೆಂದು ನನ್ನ ಗುಮಾನಿ.

ಸೂಪರ್‌ಮ್ಯಾನ್‌ಗೆ ನಮ್ಮಲ್ಲಿ ಅಷ್ಟು ಗಿರಾಕಿಯಿಲ್ಲ. ಬೇರೆ ಗ್ರಹದಿಂದ ವಲಸೆ ಬಂದವನು, ಕನ್ನಡಕ ಹಾಕಿಕೊಂಡು ಪೇಪರ್ ಆಫೀಸಿನಲ್ಲಿ ಕೆಲಸ ಹಿಡಿದವನು, ಬಂದ ಊರಿನ ಭಾಷೆ ಕಲಿತವನು. ಬೆಂಗಳೂರಿನಲ್ಲಿ ನಿಂತು ನೋಡಿದರೆ ಅವನ ಅತಿಮಾನುಷ ಶಕ್ತಿ ಆ ಕೊನೆಯದೊಂದೇ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು 1938ರಲ್ಲಿ 130 ಡಾಲರಿಗೆ ಹಕ್ಕನ್ನೆಲ್ಲ ಬರೆದುಕೊಟ್ಟು, ಆಮೇಲೆ ದಶಕಗಟ್ಟಲೆ ಕೋರ್ಟು ಅಲೆದರು. ಅನ್ಯಾಯದ ವಿರುದ್ಧ ಹಾರಿ ಬರುವವನು ಆ ಕಡೆಗೆ ಮಾತ್ರ ಹಾರಲಿಲ್ಲ.

ಈ ವಿಲಾಯತಿ ಶೂರರ ನಿಜವಾದ ಜಾತ್ರೆ ವೈಟ್‌ಫೀಲ್ಡಿನ ಕಾಮಿಕ್ ಕಾನ್. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ಪೂರ್ತಿ ಓಡುತ್ತಿರುವುದರಿಂದ ನಮ್ಮ ಕಡೆಯವರಿಗೂ ದಾರಿ ಸಲೀಸು. ಆ ದಿನ ಮೆಟ್ರೊ ಸ್ಟೇಷನ್ನಿನ ತಪಾಸಣೆ ನೋಡಬೇಕು. ಮೈತುಂಬ ಕೆಂಪು ಕವಚ ತೊಟ್ಟ ಐರನ್ ಮ್ಯಾನ್ ಕೈ ಅಗಲಿಸಿ ನಿಲ್ಲುತ್ತಾನೆ. ಸೆಕ್ಯೂರಿಟಿಯವರು ಯಂತ್ರ ಆಡಿಸುತ್ತಾರೆ. ಎದೆಗೆ ಸದ್ದಿಲ್ಲ, ಭುಜಕ್ಕೆ ಸದ್ದಿಲ್ಲ, ಎಲ್ಲ ಫೋಮ್ ಶೀಟು. ಸೊಂಟದ ಹತ್ತಿರ ಮಾತ್ರ ಕುಯ್ ಎನ್ನುತ್ತದೆ, ಮನೆ ಬೀಗದ ಕೈ.

ಇನ್ನು ನಮ್ಮ ಮನೆದೇವರ ವಿಚಾರ. ಮೈಸೂರು ರಸ್ತೆಯ ಗಾಳಿ ಆಂಜನೇಯನನ್ನು ಪ್ರತಿಷ್ಠಾಪಿಸಿದವರು ವ್ಯಾಸರಾಯರು ಎಂಬ ನಂಬಿಕೆಯಿದೆ. ಹಿಂದೆ ಹರಿಯುವ ವೃಷಭಾವತಿ ಆಗ ನದಿ, ಈಗ ಮೋರಿ. ಜೋರು ಮಳೆಯಾದರೆ ಆ ನೀರು ಗುಡಿಯೊಳಕ್ಕೇ ನುಗ್ಗಿದ್ದುಂಟು. ಸಮುದ್ರ ಹಾರಿದವನು ನಗರದ ರಾಜಕಾಲುವೆಯ ಮುಂದೆ ಸುಮ್ಮನೆ ನಿಂತ. ಸಾಲದ್ದಕ್ಕೆ, ಆಡಳಿತದ ಮೇಲೆ ದೂರುಗಳು ಬಂದು, 2025ರ ಜುಲೈನಲ್ಲಿ ಸರ್ಕಾರ ಗುಡಿಯನ್ನು ಮುಜರಾಯಿ ಇಲಾಖೆಯ ಸುಪರ್ದಿಗೆ ತೆಗೆದುಕೊಂಡಿತು. ಸಂಜೀವಿನಿ ಹೊತ್ತು ತಂದವನ ಲೆಕ್ಕಪತ್ರ ಇನ್ನು ಆಡಿಟ್‌ಗೆ ಒಳಪಡುತ್ತದೆ.

ಆದರೆ ಕ್ಯಾಬಿನ ಹಿಂದಿನ ಗಾಜಿನಲ್ಲಿರುವವನು ಈ ಹನುಮಂತನಲ್ಲ. ಅದನ್ನು ಬಿಡಿಸಿದವರು ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ. 2015ರಲ್ಲಿ ಊರಿನ ಗೆಳೆಯರು ಬಾವುಟಕ್ಕೊಂದು ಚಿತ್ರ ಕೇಳಿದರೆಂದು ಕೇಸರಿ-ಕಪ್ಪಿನಲ್ಲಿ ಒಂದು ಮುಖ ಮಾಡಿಕೊಟ್ಟರು. ಅದು ಬೆಂಗಳೂರಿನ ಗಾಜುಗಳಿಗೆ ಹತ್ತಿ, ಅಲ್ಲಿಂದ ದೇಶಕ್ಕೆಲ್ಲ ಹಬ್ಬಿ, 2018ರ ಮೇ ತಿಂಗಳಲ್ಲಿ ಮಂಗಳೂರಿನ ಸಭೆಯೊಂದರಲ್ಲಿ ಪ್ರಧಾನಿಯಿಂದಲೇ ಹೊಗಳಿಸಿಕೊಂಡಿತು. ತಾನು ಬಿಡಿಸಿದ್ದು ಸಿಟ್ಟನ್ನಲ್ಲ ಎಂದು ಆಚಾರ್ಯರು ಹೇಳುತ್ತಲೇ ಬಂದರು. ಅಂಟಿಸಿಕೊಂಡವರು ಕೇಳಿಸಿಕೊಳ್ಳಲಿಲ್ಲ. ಕಾರ್ಕಳದ ಅನಂತ ಪೈ 1967ರಲ್ಲಿ ಶುರುಮಾಡಿದ ಅಮರ ಚಿತ್ರ ಕಥೆಯ ಹನುಮಂತನಿಗೆ ಪೂರ್ತಿ ಮೈಯಿತ್ತು, ಬಾಲವಿತ್ತು, ರಾಮನ ಮುಂದೆ ಜೋಡಿಸಿದ ಕೈಯಿತ್ತು. ಸ್ಟಿಕ್ಕರಿನಲ್ಲಿ ಮುಖವಷ್ಟೇ. ಕತ್ತರಿಸುವಾಗ ಮೊದಲು ಹೋದದ್ದು ಆ ಜೋಡಿಸಿದ ಕೈ. ತನ್ನ ಬಲ ತನಗೇ ನೆನಪಿಲ್ಲದೆ ಜಾಂಬವಂತ ಬಂದು ಹೇಳಬೇಕಾಯಿತಲ್ಲ, ಆ ಹನುಮಂತನ ಹೆಸರಿನಲ್ಲಿ ಒನ್‌ವೇಯಲ್ಲಿ ನುಗ್ಗಲು ರಿಯಾಯಿತಿ ಸಿಗುವುದಿಲ್ಲ. ಈ ಮುಖದ ಹೆಸರಿನಲ್ಲಿ ಸಿಗುತ್ತದೆ.

ಆಟೋ ಹಿಂದಿನ ಶಂಕರ್ ನಾಗ್, ಅಂದರೆ ನಮ್ಮ ಶಂಕ್ರಣ್ಣನ ಕಥೆ ಇದಕ್ಕಿಂತ ನಾಜೂಕು. 1980ರಲ್ಲಿ ಅವರ ‘ಆಟೋ ರಾಜ’ ಸಿನಿಮಾ ಬಂತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ, ಇನ್ನೂ ಮೂವತ್ತೈದರ ಪ್ರಾಯದಲ್ಲಿ, ಅವರು ಹೋಗಿಬಿಟ್ಟರು. ಅಂದಿನಿಂದ ಇಂದಿನವರೆಗೆ ಆಟೋ ಸ್ಟ್ಯಾಂಡುಗಳಿಗೆ ಅವರ ಹೆಸರು, ಹುಡ್ಡಿನ ಮೇಲೆ ಅವರ ಮುಖ. ಇಷ್ಟು ದೀರ್ಘ ನಿಷ್ಠೆ ನಮ್ಮಲ್ಲಿ ಯಾವ ಕಾಮಿಕ್ ಶೂರನಿಗೂ ದಕ್ಕಿಲ್ಲ, ಒಪ್ಪಿದೆ. ಆದರೆ ಬೆಂಗಳೂರಿಗೆ ಮೆಟ್ರೊ ಬರಬೇಕೆಂದು ಆ ಕಾಲದಲ್ಲೇ ಕನಸು ಕಂಡವರು ಶಂಕರ್ ನಾಗ್ ಎಂದು ಅವರನ್ನು ಬಲ್ಲವರು ಹೇಳುತ್ತಾರೆ. ಈಗ ಆ ಮೆಟ್ರೊ ಕಂಬದ ಕೆಳಗೆ, ಅದೇ ಶಂಕ್ರಣ್ಣನನ್ನು ಬೆನ್ನಿಗೆ ಹೊತ್ತು, ಮೆಟ್ರೊ ಕಿತ್ತುಕೊಂಡ ಬಾಡಿಗೆಗೆ ಆಟೋಗಳು ಕಾಯುತ್ತಿವೆ. ‘ವಿಜಯನಗರ ಬರ್ತೀರಾ?’ ಎಂದರೆ, ‘ಮೀಟರ್ ಮೇಲೆ ಐವತ್ತು ಕೊಡಿ ಸಾರ್.’ 2025ರ ಆಗಸ್ಟಿನಿಂದ ಕನಿಷ್ಠ ದರ 36 ರೂಪಾಯಿ ಎಂದು ಮೀಟರಿಗೆ ಗೊತ್ತು, ನಮಗೂ ಗೊತ್ತು. ಶಂಕ್ರಣ್ಣ ಪಾಪ ಹಿಂದೆ ನೋಡುತ್ತಿರುತ್ತಾರೆ, ಮುಂದೆ ನಡೆಯುವ ಮಾತು ಅವರಿಗೆ ಕೇಳುವುದಿಲ್ಲ.

ಡಾ. ರಾಜ್‌ಕುಮಾರ್ ಮಾತ್ರ ಯಾವ ಬ್ಯಾಟ್‌ಮ್ಯಾನೂ ಮಾಡದ ಕೆಲಸ ಮಾಡಿದರು. ಅಭಿಮಾನಿಗಳನ್ನೇ ದೇವರು ಎಂದರು. ವಿನಯದಿಂದ ಆಡಿದ ಮಾತು. ದೇವರುಗಳು ಅದನ್ನು ಅಕ್ಷರಶಃ ತೆಗೆದುಕೊಂಡವು. ದೇವರೇ ಕಂಬ ಹತ್ತಿ ಭಕ್ತನ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಯುವ ಪದ್ಧತಿ ನಮ್ಮಲ್ಲಿ ಮಾತ್ರ ಇರಬೇಕು. ತೆರೆಯ ಮೇಲೆ ಸಿಗರೇಟು ಹಚ್ಚದ, ಗ್ಲಾಸು ಹಿಡಿಯದ ಆ ಮನುಷ್ಯ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಇದೇ ದೇವರುಗಳು ಬೀದಿಗಿಳಿದು ಬಸ್ಸಿಗೆ ಬೆಂಕಿ ಇಟ್ಟವು. ಪ್ರಾಣಗಳೂ ಹೋದವು. ದೇವರಿಗೆ ಯಾವ ಸೆಕ್ಷನ್?

ನನ್ನ ಸಿದ್ಧಾಂತಕ್ಕೆ ಕಲ್ಲು ಹಾಕಿದವರು ರಾಜ್‌ಕುಮಾರರ ಮಗನೇ. 2021ರ ಅಕ್ಟೋಬರ್ 29ರಂದು ಪುನೀತ್, ಎಲ್ಲರ ಅಪ್ಪು, ಹೋದರು. ಅವರ ಎರಡು ಕಣ್ಣುಗಳಿಂದ ರಾಜಾಜಿನಗರದ ನಾರಾಯಣ ನೇತ್ರಾಲಯದವರು ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲೆ ಕಣ್ಣು ಕೊಡುತ್ತೇವೆಂದು ಬರೆದುಕೊಟ್ಟವರ ಸಾಲು ಏಕಾಏಕಿ ಬೆಳೆಯಿತು. ರಿಯಾಯಿತಿ ಕೇಳಲು ಬಂದ ಅಭಿಮಾನಿ ತಾನೇ ಏನೋ ಕೊಟ್ಟುಹೋದದ್ದು ಅಪರೂಪ. ಇದನ್ನು ಹೇಗೆ ಲೇವಡಿ ಮಾಡುವುದೋ ನನಗೆ ತಿಳಿಯದು, ಬಿಟ್ಟುಬಿಡುತ್ತೇನೆ. ಅಪ್ಪು ಫೋಟೋ ಹಾಕಿಕೊಂಡು ಹೆಲ್ಮೆಟ್ ಇಲ್ಲದೆ ಫುಟ್‌ಪಾತ್ ಮೇಲೆ ಬರುವವರ ಮಾತು ಬೇರೆ.

ಇಷ್ಟೆಲ್ಲ ಶೂರರು ಬಡಾವಣೆಗೆ ಯಾಕೆ ಬೇಕಾದರು ಎಂದರೆ, ಸಾಮಾನ್ಯ ಮನುಷ್ಯರ ಹುದ್ದೆ ಖಾಲಿಯಿತ್ತು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ಚುನಾವಣೆಯೇ ಇಲ್ಲದೆ ಐದು ವರ್ಷ ಕಳೆದು, ಕೊನೆಗೆ ಪಾಲಿಕೆಯೇ ಐದಾಗಿ ಒಡೆಯಿತು. ಬೀದಿದೀಪ ಕೆಟ್ಟರೆ ಹೇಳಿಕೊಳ್ಳಲು ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಕತ್ತಲಲ್ಲಿ ಕಣ್ಣು ಕಾಣುವ ಬಾವಲಿ ಮನುಷ್ಯನಿಗೆ ಬೇಡಿಕೆ ಬಾರದೆ ಇನ್ನೇನು?

ಬಡಾವಣೆಗೆ ಹೆಸರು ಕೊಟ್ಟವರೊಬ್ಬರು ಉಳಿದರು. ಕವಚವಿರಲಿ, ಅಂಗಿಯೂ ಇಲ್ಲದವರು. 1927ರಲ್ಲಿ ಕಾಯಿಲೆ ಬಿದ್ದು ನಂದಿಬೆಟ್ಟದಲ್ಲೂ ಆಮೇಲೆ ಬೆಂಗಳೂರಿನಲ್ಲೂ ತಿಂಗಳುಗಟ್ಟಲೆ ಸುಧಾರಿಸಿಕೊಂಡವರು. ಅಭಿಮಾನಿಯಾಗಲು ಅವರಷ್ಟು ತಲೆನೋವಿನ ನಾಯಕ ಇನ್ನೊಬ್ಬರಿಲ್ಲ. ಕಕ್ಕಸು ನೀನೇ ತೊಳಿ, ನಿಜ ಹೇಳು, ಹೊಡೆದರೆ ಹೊಡೆಸಿಕೋ ಎನ್ನುತ್ತಾರೆ. ಒಂದು ರಿಯಾಯಿತಿಯೂ ಇಲ್ಲ. ಆದರೂ ನೋಡೋಣ ಎಂದು ರಸ್ತೆಬದಿಯ ರೇಡಿಯಂ ಅಂಗಡಿಯಲ್ಲಿ ಕೇಳಿದೆ.

‘ಬಾಪೂಜಿದು ಇದ್ಯಾ?’

ಹುಡುಗ ಬ್ಲೇಡಿನಿಂದ ಹನುಮಂತನ ಹುಬ್ಬು ಕೊರೆಯುತ್ತಿದ್ದ. ತಲೆ ಎತ್ತದೆ ಕೇಳಿದ:

‘ಏರಿಯಾ ಹೆಸರಾ ಸಾರ್? ಅಕ್ಷರಕ್ಕೆ ಹತ್ತು ರೂಪಾಯಿ. ನಂಬರ್ ಪ್ಲೇಟ್ ಮೇಲೆ ಹಾಕ್ಲಾ, ಕೆಳಗಾ?’